ಲ್ಯಾಪ್‌ಟಾಪ್‌ನಲ್ಲಿ ಹಸಿರು, ಸಿಐನಲ್ಲಿ ಕೆಂಪು: ಬಿಲ್ಡ್ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಟೆಸ್ಟ್‌ಗಳೂ ಪಾಸಾಗುತ್ತವೆ. ಕೋಡನ್ನು ಪುಶ್ ಮಾಡಿ ಕಳಿಸಿದ ಮೇಲೆ ಸಿಐನಲ್ಲಿ, ಅಂದರೆ ಹೊಸ ಕೋಡ್ ಬಂದಾಗೆಲ್ಲ ತಾನೇ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ಸರ್ವರ್‌ನಲ್ಲಿ, ಬಿಲ್ಡ್ ಒಡೆಯುತ್ತದೆ. ಪಾಸಾದರೆ ಹಸಿರು, ಫೇಲಾದರೆ ಕೆಂಪು ಗುರುತು. ಒಂದಕ್ಷರವೂ ಬದಲಿಸದೆ ರೀ-ರನ್ ಒತ್ತಿದರೆ ಕೆಲವು ಸಲ ಹಸಿರಾಗುತ್ತದೆ, ಕೆಲವು ಸಲ ಇಲ್ಲ.

ನಾನು ಒಂದು ಸಣ್ಣ ಕನ್ನಡ ನಿಘಂಟು ಪ್ರಾಜೆಕ್ಟಿನ ಬಿಲ್ಡ್ ನೋಡಿಕೊಳ್ಳುತ್ತೇನೆ. ಪದಗಳ ಪಟ್ಟಿಯನ್ನು ತಿದ್ದಿ, ಜೋಡಿಸಿ, ಪಿಡಿಎಫ್ ಮತ್ತು ಇ-ಪಬ್ ಮಾಡುವುದು ಇದರ ಕೆಲಸ. ಕೈ ಜೋಡಿಸಿದವರೆಲ್ಲ ಸ್ವಯಂಸೇವಕರು. ಶಾಲೆಯ ಮೇಷ್ಟ್ರೊಬ್ಬರ ಹತ್ತಿರ ವಿಂಡೋಸ್ ಇದೆ, ಕಾಲೇಜು ಹುಡುಗರ ಹತ್ತಿರ ಉಬುಂಟು, ನನ್ನ ಹತ್ತಿರ ಮ್ಯಾಕ್. ಒಬ್ಬರು ಮೆಲ್ಬರ್ನ್‌ನಿಂದ ಪದ ಸೇರಿಸುತ್ತಾರೆ. ಇಷ್ಟು ಬಗೆಯ ಯಂತ್ರ ಇದ್ದಾಗ ಬಿಲ್ಡ್ ಒಡೆಯುವ ಬಗೆಗಳೂ ಅಷ್ಟೇ ಇರುತ್ತವೆ. ಶನಿವಾರ ಸಂಜೆ ನಾವೆಲ್ಲ ಕರೆಯಲ್ಲಿ ಸೇರಿ ಆ ವಾರ ಒಡೆದ ಬಿಲ್ಡ್‌ಗಳನ್ನು ಒಂದೊಂದಾಗಿ ನೋಡುತ್ತೇವೆ. ಇಲ್ಲಿ ಬರೆದಿರುವ ಹೆಚ್ಚಿನದು ಅಲ್ಲಿ ಕಲಿತದ್ದು.

ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ. ಪಾಸಾದ ಓಟಕ್ಕೂ ಫೇಲಾದ ಓಟಕ್ಕೂ ನಡುವೆ ಏನು ಬೇರೆ? ಕೋಡ್ ಒಂದೇ ಆಗಿದ್ದರೆ ಬೇರೆ ಇರುವುದು ಸಮಯ, ಆವೃತ್ತಿ, ಭಾಷೆಯ ಸೆಟ್ಟಿಂಗ್, ಫೈಲುಗಳ ಕ್ರಮ, ನೆಟ್‌ವರ್ಕ್, ಮೆಮೊರಿ, ಕ್ಯಾಶ್ (ಹಿಂದಿನ ಓಟದಿಂದ ಉಳಿಸಿಟ್ಟ ಫೈಲುಗಳು). ಇವುಗಳಲ್ಲಿ ಒಂದನ್ನು ಮಾತ್ರ ಬೇಕಂತಲೇ ಬದಲಿಸಿ ಮತ್ತೆ ಓಡಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ರೀ-ರನ್ ಒತ್ತುವ ಮುಂಚೆ

ಮೊದಲು ಲಾಗ್, ಅಂದರೆ ಓಟದಲ್ಲಿ ಏನೇನಾಯಿತು ಅನ್ನುವ ದಾಖಲೆ, ಉಳಿಸಿಕೊಳ್ಳಿ. ಕೋಡ್ ಇಟ್ಟು ಸಿಐ ಓಡಿಸುವ ತಾಣವಾದ ಗಿಟ್‌ಹಬ್‌ನಲ್ಲಿ ಸಾಮಾನ್ಯವಾಗಿ 90 ದಿನಕ್ಕೆ ಲಾಗ್ ಅಳಿಸಿಹೋಗುತ್ತದೆ. ಅಪರೂಪಕ್ಕೆ ಬರುವ ದೋಷವಾದರೆ ಹಿಂದಿನ ಸಲದ ಲಾಗ್ ಚಿನ್ನದಂಥದ್ದು.

ಆಮೇಲೆ ಲಾಗನ್ನು ಮೇಲಿನಿಂದ ಓದಿ. ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಹೋಗುತ್ತದೆ, ಆದರೆ ಅಲ್ಲಿರುವುದು ಬರೀ ಪರಿಣಾಮ. ಮೊದಲ ತಪ್ಪು ಇನ್ನೂರು ಸಾಲು ಮೇಲೆ, ಒಂದು ಎಚ್ಚರಿಕೆಯ ರೂಪದಲ್ಲಿ ಕೂತಿರಬಹುದು. ಪಾಸಾದ ಓಟದ ಲಾಗ್ ಮತ್ತು ಫೇಲಾದ ಓಟದ ಲಾಗ್ ಎರಡನ್ನೂ ಅಕ್ಕಪಕ್ಕ ಇಟ್ಟು ಡಿಫ್ ಮಾಡಿ. ಸಮಯ ತೋರಿಸುವ ಭಾಗವನ್ನು ತೆಗೆದು ಹೋಲಿಸಿ, ಇಲ್ಲದಿದ್ದರೆ ಪ್ರತಿ ಸಾಲೂ ಬೇರೆ ಅಂತ ತೋರಿಸುತ್ತದೆ. ನಮ್ಮ ಪ್ರಾಜೆಕ್ಟಿನ ಎಷ್ಟೋ ದೋಷಗಳು ಈ ಒಂದು ಹೆಜ್ಜೆಯಲ್ಲೇ ಸಿಕ್ಕಿವೆ.

ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಮ್ ಮುಗಿಯುವಾಗ ಬಿಟ್ಟುಹೋಗುವ ಸಂಖ್ಯೆ, ನೋಡಿ. 127 ಅಂದರೆ ಆ ಹೆಸರಿನ ಕಮಾಂಡ್ ಸಿಗಲಿಲ್ಲ. 126 ಅಂದರೆ ಫೈಲ್ ಇದೆ, ಆದರೆ ಓಡಿಸಲು ಆಗುತ್ತಿಲ್ಲ. ವಿಂಡೋಸ್‌ನಿಂದ ಬಂದ ಸ್ಕ್ರಿಪ್ಟ್‌ಗೆ ಓಡಿಸುವ ಅನುಮತಿ ಇಲ್ಲದಿದ್ದಾಗ ಇದು ಬರುತ್ತದೆ. 128ಕ್ಕಿಂತ ಜಾಸ್ತಿ ಇದ್ದರೆ 128 ಕಳೆಯಿರಿ, ಪ್ರೋಗ್ರಾಮನ್ನು ಕೊಂದ ಸಿಗ್ನಲ್ ಸಂಖ್ಯೆ ಸಿಗುತ್ತದೆ. 137 ಬಂದರೆ ಸಿಗ್ನಲ್ 9. ಸಿಐನಲ್ಲಿ ಇದು ಹೆಚ್ಚಾಗಿ ಮೆಮೊರಿ ಸಾಲದ ಗುರುತು. ಒಟ್ಟಿಗೆ ಓಡುವ ಕೆಲಸಗಳನ್ನು ಎರಡಕ್ಕೆ ಇಳಿಸಿ ನೋಡಿ.

ರೀ-ರನ್ ಒತ್ತಬಾರದು ಅಂತ ನಾನು ಹೇಳುತ್ತಿಲ್ಲ. ಒತ್ತಿದ ಪ್ರತಿ ಸಲವೂ ಎಲ್ಲಾದರೂ ಬರೆದಿಡಿ. ಗೂಗಲ್‌ನವರು 2016ರಲ್ಲಿ ತಮ್ಮ ಲೆಕ್ಕ ಹೊರಗಿಟ್ಟಿದ್ದರು. ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಒಂದಲ್ಲ ಒಂದು ಮಟ್ಟಿಗೆ ಚಂಚಲ. ಅಂದರೆ ಅದೇ ಕೋಡಿಗೆ ಒಮ್ಮೆ ಪಾಸು, ಒಮ್ಮೆ ಫೇಲು. ಪಾಸಿನಿಂದ ಫೇಲಿಗೆ ತಿರುಗಿದ ಸಂದರ್ಭಗಳಲ್ಲಿ 84% ಕಡೆ ಇಂಥದ್ದೊಂದು ಟೆಸ್ಟ್ ಇತ್ತು. ಅಷ್ಟು ದೊಡ್ಡ ಕಂಪನಿ ಇದನ್ನು ಎಲ್ಲರಿಗೂ ಹೇಳಿದ್ದರಿಂದ ನಮ್ಮಂಥ ಸಣ್ಣವರಿಗೆ ತುಂಬ ಉಪಕಾರವಾಯಿತು. ತಪ್ಪು ನಮ್ಮದೊಬ್ಬರದೇ ಅಲ್ಲ ಅಂತ ಗೊತ್ತಾದರೆ ಮುಚ್ಚಿಡುವ ಅಭ್ಯಾಸ ಬಿಟ್ಟುಹೋಗುತ್ತದೆ, ಅಲ್ವಾ?

ರಾತ್ರಿ ಒಡೆದು ಬೆಳಗ್ಗೆ ಸರಿಯಾಗುವ ಬಿಲ್ಡ್

ನಮ್ಮನ್ನು ಎರಡು ತಿಂಗಳು ಕಾಡಿದ ದೋಷ ಇದು. ಪ್ರತಿ ಪದಕ್ಕೂ ಸೇರಿಸಿದ ತಾರೀಖು ಇರುತ್ತದೆ. ಆ ತಾರೀಖು ನಾಳೆಯದಾಗಿರಬಾರದು ಅಂತ ಒಂದು ಟೆಸ್ಟ್. ತಪ್ಪಿ 2042 ಅಂತ ಟೈಪ್ ಮಾಡಿದರೆ ಹಿಡಿಯಲಿ ಅಂತ ಬರೆದದ್ದು. ಈ ಟೆಸ್ಟ್ ಆಗಾಗ ಸಿಐನಲ್ಲಿ ಫೇಲಾಗುತ್ತಿತ್ತು. ಬೆಳಗ್ಗೆ ಎದ್ದು ರೀ-ರನ್ ಒತ್ತಿದರೆ ಪಾಸು. ರಾತ್ರಿ ಸರ್ವರ್ ಮೇಲೆ ಹೊರೆ ಜಾಸ್ತಿ ಇರಬಹುದು ಅಂದುಕೊಂಡು ನಾನು ಸುಮ್ನೆ ಇದ್ದೆ.

ಆ ಊಹೆ ಮುರಿದದ್ದು ಮೆಲ್ಬರ್ನ್‌ನ ಗೆಳತಿಯಿಂದ. ಅವರು ಬೆಳಗ್ಗೆ ಒಂಬತ್ತಕ್ಕೆ ಪುಶ್ ಮಾಡಿದಾಗಲೂ ಅದೇ ಟೆಸ್ಟ್ ಒಡೆಯುತ್ತಿತ್ತು. ಅದೇ ಶನಿವಾರ ಒಬ್ಬ ಹುಡುಗ ಒಡೆದ ಓಟಗಳ ಸಮಯವನ್ನೆಲ್ಲ ಹಾಳೆಯಲ್ಲಿ ಬರೆದು ತಂದ. ಊರಿನವರು ಒಡೆದದ್ದೆಲ್ಲ ರಾತ್ರಿ 12ರಿಂದ ಬೆಳಗಿನ 5:30ರ ಒಳಗೆ. ಒಂದೂ ಆಚೆ ಇಲ್ಲ. 5:30 ಅನ್ನುವ ಅಂಕಿ ಕಂಡ ಕೂಡಲೇ ಎಲ್ಲರಿಗೂ ಹೊಳೆಯಿತು.

ಭಾರತದ ಸಮಯ ಯುಟಿಸಿಗಿಂತ, ಅಂದರೆ ಲೋಕಕ್ಕೆಲ್ಲ ಆಧಾರವಾದ ಸಮಯಕ್ಕಿಂತ, ಐದೂವರೆ ಗಂಟೆ ಮುಂದೆ. ಸಿಐ ಯಂತ್ರದ ಗಡಿಯಾರ ಯುಟಿಸಿಯಲ್ಲಿ ಇರುತ್ತದೆ. ಇಲ್ಲಿ ರಾತ್ರಿ ಒಂದು ಗಂಟೆಗೆ 15ನೇ ತಾರೀಖು ಅಂತ ಪದ ಸೇರಿಸಿದರೆ ಅಲ್ಲಿ ಇನ್ನೂ 14. ಪದ ನಾಳೆಯದು ಅಂತ ಟೆಸ್ಟ್ ದೂರುತ್ತದೆ. 5:30 ದಾಟಿದ ಮೇಲೆ ಅಲ್ಲೂ 15 ಆಗುತ್ತದೆ, ರೀ-ರನ್ ಹಸಿರು. ಮೆಲ್ಬರ್ನ್ 10 ಗಂಟೆ, ಬೇಸಿಗೆ ಸಮಯದಲ್ಲಿ 11 ಗಂಟೆ ಮುಂದಿದೆ. ಹಾಗಾಗಿ ಅವರಿಗೆ ಅರ್ಧ ದಿನವೇ ಕೆಂಪು. ಅಮೆರಿಕದಿಂದ ಪದ ಸೇರಿಸುವವರಿಗೆ ಒಮ್ಮೆಯೂ ಬಂದಿರಲಿಲ್ಲ, ಅವರ ತಾರೀಖು ಯುಟಿಸಿಗಿಂತ ಹಿಂದೆಯೇ ಇರುತ್ತದಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಡೆಬಿಯನ್ ಅನ್ನುವ ಲಿನಕ್ಸ್ ಬಳಗದ ಉಪಾಯವನ್ನೇ ಬಳಸಿದೆವು. ಒಂದೇ ಕೋಡಿನಿಂದ ಯಾರು, ಎಲ್ಲಿ ಬಿಲ್ಡ್ ಮಾಡಿದರೂ ಬೈಟ್ ಬೈಟ್‌ಗೆ ಅದೇ ಫಲ ಬರಬೇಕು ಅಂತ ಅವರು 2013ರಿಂದ ಕೆಲಸ ಮಾಡುತ್ತಿದ್ದಾರೆ. ರೀಪ್ರೊಡ್ಯೂಸಿಬಲ್ ಬಿಲ್ಡ್ಸ್ ಅಂತ ಹೆಸರು. ಅವರು ಪ್ರತಿ ಪ್ಯಾಕೇಜನ್ನು ಎರಡು ಸಲ ಬಿಲ್ಡ್ ಮಾಡುತ್ತಾರೆ. ಎರಡನೇ ಸಲ ಸಮಯ ವಲಯ, ಭಾಷೆಯ ಸೆಟ್ಟಿಂಗ್, ಯಂತ್ರದ ಹೆಸರು, ಬಳಕೆದಾರರ ಹೆಸರು, ಫೈಲುಗಳ ಕ್ರಮ ಎಲ್ಲ ಬೇಕಂತಲೇ ಬೇರೆ ಇಡುತ್ತಾರೆ. ಸಮಯ ವಲಯಕ್ಕೆ ಅವರು ಆರಿಸಿಕೊಂಡದ್ದು ಯುಟಿಸಿಗಿಂತ 12 ಗಂಟೆ ಹಿಂದಿನದು ಒಂದು, 14 ಗಂಟೆ ಮುಂದಿನದು ಇನ್ನೊಂದು. ನಡುವೆ 26 ಗಂಟೆ ಅಂತರ. ದಿನದ ಯಾವ ಹೊತ್ತಿನಲ್ಲಿ ಓಡಿಸಿದರೂ ಎರಡರ ತಾರೀಖು ಬೇರೆಯೇ ಇರುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ.

ನಾವು ಪದ ಸೇರಿಸುವ ಟೂಲನ್ನು ಮುಂದಿನ ವಲಯದಲ್ಲಿ, ಟೆಸ್ಟನ್ನು ಹಿಂದಿನ ವಲಯದಲ್ಲಿ ಓಡಿಸಿದೆವು. ಅದಕ್ಕೆ ಟಿಝಡ್ ಅನ್ನುವ ವೇರಿಯಬಲ್ ಬದಲಿಸಿದರೆ ಸಾಕು. ಶನಿವಾರ ಸಂಜೆಯೇ, ಮೊದಲ ಸಲಕ್ಕೇ ಕೆಂಪು ಬಂತು. ನನ್ನದೇ ಲ್ಯಾಪ್‌ಟಾಪ್‌ನಲ್ಲಿ ಕೆಂಪು ಕಂಡು ಅಷ್ಟು ಖುಷಿಯಾದದ್ದು ಅದೇ ಮೊದಲು. ಈಗ ಟೂಲ್ ಬರೀ ತಾರೀಖಿನ ಬದಲು ಯುಟಿಸಿಯಲ್ಲಿ ಪೂರ್ತಿ ಸಮಯ ಬರೆಯುತ್ತದೆ, ಟೆಸ್ಟ್ ಅದನ್ನೇ ನೋಡುತ್ತದೆ. ಓದುಗರಿಗೆ ತೋರಿಸುವಾಗ ಮಾತ್ರ ಭಾರತದ ಸಮಯಕ್ಕೆ ಬದಲಿಸುತ್ತೇವೆ.

ನಿಮ್ಮ ಬಿಲ್ಡ್ ಹೊತ್ತು ನೋಡಿ ಒಡೆಯುತ್ತಿದ್ದರೆ ಮೊದಲು ಮಾಡಬೇಕಾದ್ದು ಅದೇ ಹಾಳೆ. ಒಡೆದ ಸಮಯ, ಯಾರು ಪುಶ್ ಮಾಡಿದರು, ಎಲ್ಲಿಂದ. ಹತ್ತು ಸಾಲು ತುಂಬುವಷ್ಟರಲ್ಲಿ ಆಕಾರ ಕಾಣುತ್ತದೆ. ಗಿಟ್‌ಹಬ್‌ನಲ್ಲಿ ಕ್ರಾನ್ (ಗೊತ್ತಾದ ಹೊತ್ತಿಗೆ ತಾನೇ ಓಡುವ ಕೆಲಸ) ಇಟ್ಟವರಿಗೆ ಒಂದು ಮಾತು: ಸಮಯ ವಲಯ ಬೇರೆ ಹೇಳದಿದ್ದರೆ ಅಲ್ಲಿ ಬರೆಯುವ ಗಂಟೆ ಯುಟಿಸಿಯಲ್ಲಿ ಓದಲ್ಪಡುತ್ತದೆ. ಎಲ್ಲರಿಗೂ ತೆರೆದಿರುವ ರೆಪೊದಲ್ಲಿ (ಕೋಡಿನ ಭಂಡಾರ) 60 ದಿನ ಚಟುವಟಿಕೆ ಇಲ್ಲದಿದ್ದರೆ ಆ ಓಟ ತಾನೇ ನಿಂತೂ ಹೋಗುತ್ತದೆ.

ಅಕ್ಷರ ಒಂದೇ, ಬೈಟ್ ಬೇರೆ

ಕನ್ನಡ ಪಠ್ಯ ಇರುವ ಪ್ರಾಜೆಕ್ಟಿಗೆ ಈ ಭಾಗ ಮುಖ್ಯ. ಇಂಗ್ಲಿಷ್ ಮಾತ್ರ ಬಳಸುವವರು ಇದನ್ನು ಎದುರಿಸುವುದು ಕಡಿಮೆ. ಹಾಗಾಗಿ ಸಿದ್ಧ ಉತ್ತರ ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ.

ಮೇಷ್ಟ್ರ ವಿಂಡೋಸ್ ಯಂತ್ರದಲ್ಲಿ ಪೈಥಾನ್ ಸ್ಕ್ರಿಪ್ಟ್ ಪದಪಟ್ಟಿ ಓದುವಾಗಲೇ ಬಿದ್ದುಹೋಗುತ್ತಿತ್ತು. 0x8ಡಿ ಅನ್ನುವ ಬೈಟ್ ಅರ್ಥವಾಗುತ್ತಿಲ್ಲ ಅಂತ ದೂರು. ಕಾರಣ ಸರಳ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್‌ಗಳಾಗಿ ಬರೆಯುವ ರೀತಿ) ಹೇಳದಿದ್ದರೆ ಪೈಥಾನ್ ಆ ಯಂತ್ರದ ರೂಢಿ ಎನ್‌ಕೋಡಿಂಗ್ ಹಿಡಿಯುತ್ತಿತ್ತು. ಅವರ ವಿಂಡೋಸ್‌ನಲ್ಲಿ ಅದು ಸಿಪಿ-1252, ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು. ನಮ್ಮ ಅರ್ಧಾಕ್ಷರದ ಚಿಹ್ನೆ, ಅಂದರೆ ವಿರಾಮ, ಎಲ್ಲ ಭಾಷೆಗೂ ಆಗುವ ಯುಟಿಎಫ್-8ರಲ್ಲಿ ಮೂರು ಬೈಟ್. ಅದರ ಕೊನೆಯ ಬೈಟೇ 8ಡಿ. ಸಿಪಿ-1252ರಲ್ಲಿ ಆ ಜಾಗ ಖಾಲಿ. ಅಂದರೆ ಒತ್ತಕ್ಷರ ಬಂದ ಕಡೆ ಓದು ನಿಲ್ಲುತ್ತದೆ. 'ಮರ' ಓದುತ್ತದೆ, 'ಅಪ್ಪ' ಓದುವುದಿಲ್ಲ. ಪರಿಹಾರ: ಓದುವಾಗಲೂ ಬರೆಯುವಾಗಲೂ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳುವುದು. ಹಳೆಯ ಲಿನಕ್ಸ್ ಕಂಟೇನರ್‌ಗಳಲ್ಲೂ (ಸಿಐ ಬಿಲ್ಡ್ ಓಡಿಸುವ ಪ್ರತ್ಯೇಕ ಪುಟ್ಟ ಪರಿಸರ) ಇದೇ ತೊಂದರೆ ಇತ್ತು, ಪೈಥಾನ್ 3.7ರಿಂದ ಅಲ್ಲಿ ಕಡಿಮೆಯಾಗಿದೆ.

ಇನ್ನೊಂದು ಬಗೆ ಇನ್ನೂ ಕಷ್ಟ. ಟೆಸ್ಟ್ ಹೇಳುತ್ತದೆ: 'ಕೋಟೆ' ಬೇಕಿತ್ತು, 'ಕೋಟೆ' ಬಂದಿದೆ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್‌ನಲ್ಲಿ 'ಕೋ'ದ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಒತ್ವದ ಚಿಹ್ನೆಗೆ ದೀರ್ಘ ಸೇರಿಸಿ ಎರಡಾಗಿ ಬರೆಯಬಹುದು. ಎತ್ವ, ಊತ್ವದ ಕೊಂಬು, ದೀರ್ಘ ಅಂತ ಮೂರಾಗಿಯೂ ಬರೆಯಬಹುದು. ಯಾವ ಟೈಪಿಂಗ್ ಟೂಲ್, ಯಾವ ಪರಿವರ್ತಕ ಬಳಸಿದಿರಿ ಅನ್ನುವುದರ ಮೇಲೆ ಹೋಗುತ್ತದೆ. ಇಂಥ ಕಡೆ ಪಠ್ಯವನ್ನು ನೋಡಬೇಡಿ, ಬೈಟ್‌ಗಳನ್ನು ನೋಡಿ. ಹೆಕ್ಸ್ ತೋರಿಸುವ ಯಾವ ಟೂಲ್ ಆದರೂ ಆದೀತು. ಪಠ್ಯ ಒಳಗೆ ಬರುವ ಬಾಗಿಲಲ್ಲೇ ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ, ಚಿಹ್ನೆಗಳನ್ನು ಜೋಡಿಸಿದ ಒಂದೇ ಯೂನಿಕೋಡ್ ರೂಪಕ್ಕೆ ತಂದುಬಿಟ್ಟರೆ ಮುಂದೆ ತಲೆನೋವಿಲ್ಲ.

ಮೂರನೆಯದು ಕ್ರಮ. ನನ್ನ ಯಂತ್ರದಲ್ಲಿ 'ಹವಳ' ಮೊದಲು, 'ಹಳ್ಳಿ' ಆಮೇಲೆ. ಸಿಐನಲ್ಲಿ ಉಲ್ಟಾ. ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ. ಯೂನಿಕೋಡ್ ಸಂಖ್ಯೆಯ ಪ್ರಕಾರ ಅದು ಲ ಪಕ್ಕದಲ್ಲೇ, ವ ಬರುವ ಮುಂಚೆಯೇ ಇದೆ. ಭಾಷೆಯ ಸೆಟ್ಟಿಂಗ್ ಇಲ್ಲದ ಕಂಟೇನರ್ ಬರೀ ಸಂಖ್ಯೆ ನೋಡಿ ಜೋಡಿಸುತ್ತದೆ. ನಾವು ಈಗ ಯಂತ್ರದ ಸೆಟ್ಟಿಂಗನ್ನು ನೆಚ್ಚುವುದಿಲ್ಲ. ಒಳಗಿನ ಹೋಲಿಕೆಗೆಲ್ಲ ಸಂಖ್ಯೆಯ ಕ್ರಮ, ಅಚ್ಚಿಗೆ ಹೋಗುವ ಪಟ್ಟಿಗೆ ಮಾತ್ರ ಕನ್ನಡದ ನಿಯಮ ಅಂತ ಕೋಡಿನಲ್ಲೇ ಬರೆದಿದ್ದೇವೆ. ಫೋಲ್ಡರ್‌ನ ಫೈಲುಗಳ ಪಟ್ಟಿ ತರಿಸಿಕೊಳ್ಳುವಾಗಲೂ ಅಷ್ಟೇ. ಫೈಲ್ ಸಿಸ್ಟಮ್ ಯಾವ ಕ್ರಮದಲ್ಲಿ ಕೊಡುತ್ತದೆ ಅನ್ನುವ ಖಾತ್ರಿ ಇಲ್ಲ, ನೀವೇ ಜೋಡಿಸಿಕೊಳ್ಳಿ.

ಸುಳ್ಳು ಹಸಿರು

ಕೆಂಪಿಗಿಂತ ಇದು ಅಪಾಯ. ಒಂದು ಸಲ ಎಲ್ಲ ಹಸಿರಾಗಿ ಪಿಡಿಎಫ್ ಹೊರಬಂತು. ತೆರೆದು ನೋಡಿದರೆ ಪುಟದ ತುಂಬ ಖಾಲಿ ಚೌಕಗಳು. ಸಿಐ ಕಂಟೇನರ್‌ನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಗುಬ್ಬಿ ಮತ್ತು ನವಿಲು ಫಾಂಟ್‌ಗಳ ಪ್ಯಾಕೇಜ್ ಇವೆ, ನೋಟೊ ಕೂಡ ಇದೆ. ಒಂದನ್ನು ಹಾಕಿದರೆ ಚೌಕ ಹೋಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಪಿಡಿಎಫ್‌ಫಾಂಟ್ಸ್ ಅನ್ನುವ ಕಮಾಂಡ್ ಪಿಡಿಎಫ್ ಒಳಗೆ ಯಾವ ಫಾಂಟ್ ಸೇರಿದೆ ಅಂತ ತೋರಿಸುತ್ತದೆ. ಅದರಲ್ಲಿ ಕನ್ನಡ ಫಾಂಟಿನ ಹೆಸರು ಇಲ್ಲದಿದ್ದರೆ ಬಿಲ್ಡ್ ಒಡೆಯಲಿ ಅಂತ ಒಂದು ಟೆಸ್ಟ್ ಸೇರಿಸಿ.

ಇನ್ನೊಂದು ಸುಳ್ಳು ಹಸಿರು ಶೆಲ್‌ನಿಂದ, ಅಂದರೆ ಕಮಾಂಡ್ ಓಡಿಸುವ ಪ್ರೋಗ್ರಾಮಿನಿಂದ, ಬರುತ್ತದೆ. ಟೆಸ್ಟಿನ ಫಲವನ್ನು ಪೈಪ್ ಮೂಲಕ ಇನ್ನೊಂದು ಕಮಾಂಡಿಗೆ ಕೊಟ್ಟರೆ ಬ್ಯಾಶ್ ಅನ್ನುವ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್ ಮಾತ್ರ. ಟೆಸ್ಟ್ ಬಿದ್ದರೂ ಲಾಗ್ ಬರೆಯುವ ಟೀ ಗೆದ್ದರೆ ಹಸಿರು. ಪೈಪ್‌ಫೇಲ್ ಆಯ್ಕೆ ಹಾಕಿದರೆ ಇದು ನಿಲ್ಲುತ್ತದೆ. ಗಿಟ್‌ಹಬ್‌ನ ಸಿಐ ಆದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಸೂಕ್ಷ್ಮ ಇದೆ. ಶೆಲ್ ಬ್ಯಾಶ್ ಅಂತ ನೀವೇ ಬರೆದರೆ ಪೈಪ್‌ಫೇಲ್ ಇರುತ್ತದೆ. ಏನೂ ಬರೆಯದೆ ಬಿಟ್ಟರೆ ಓಡುವುದು ಬ್ಯಾಶ್ ಆದರೂ ಪೈಪ್‌ಫೇಲ್ ಇರುವುದಿಲ್ಲ. ಇದು ನಮಗೆ ಗೊತ್ತಾದದ್ದು ಕರೆಗೆ ಬಂದಿದ್ದ ಅತಿಥಿಯೊಬ್ಬರಿಂದ. ಅದೇ ವಾರ ಹಾಕಿದೆವು, ಮೂರು ಟೆಸ್ಟ್ ಕೆಂಪಾದವು. ಮೂರೂ ಎಷ್ಟು ಕಾಲದಿಂದ ಮುರಿದಿದ್ದವೋ.

ನಿನ್ನೆ ಓಡುತ್ತಿತ್ತು, ಇವತ್ತು ಇಲ್ಲ

ಯಾರೂ ಏನೂ ಮುಟ್ಟಿಲ್ಲ, ಎಲ್ಲರಿಗೂ ಒಟ್ಟಿಗೆ ಒಡೆದಿದೆ ಅಂದರೆ ಬದಲಾದದ್ದು ಹೊರಗೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದಾಗ ಲೋಕದ ಎಷ್ಟೋ ಬಿಲ್ಡ್‌ಗಳು ಒಡೆದವು. 2021ರ ಸೆಪ್ಟೆಂಬರ್ 30ಕ್ಕೆ ವೆಬ್‌ಸೈಟ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಹಳೆಯ ಕಂಟೇನರ್‌ಗಳಿಂದ ಡೌನ್‌ಲೋಡ್ ನಿಂತಿತು. ಗಿಟ್‌ಹಬ್‌ನ ಸಿಐನಲ್ಲಿ ಲೇಟೆಸ್ಟ್ ಅಂತ ಬರೆದ ಉಬುಂಟು 2024ರ ಕೊನೆ, 2025ರ ಮೊದಲಲ್ಲಿ 22.04ರಿಂದ 24.04ಕ್ಕೆ ಹೋಯಿತು. 22.04ರಲ್ಲಿದ್ದ ಟೂಲ್ ಅಲ್ಲೂ ಇರುತ್ತದೆ ಅಂದುಕೊಂಡಿದ್ದ ಬಿಲ್ಡ್‌ಗಳು ನಿಂತವು.

ಪರೀಕ್ಷೆ ಹೀಗೆ. ಹೋದ ವಾರ ಪಾಸಾದ ಹಳೆಯ ಕಮಿಟನ್ನೇ (ಕೋಡಿನ ಒಂದು ಉಳಿಸಿಟ್ಟ ಸ್ಥಿತಿ) ಇವತ್ತು ಮತ್ತೆ ಓಡಿಸಿ. ಅದೂ ಒಡೆದರೆ ನಿಮ್ಮ ಕೋಡಿನಲ್ಲಿ ಹುಡುಕುವುದು ನಿಲ್ಲಿಸಿ. ಆವೃತ್ತಿಗಳನ್ನು ಸಂಖ್ಯೆ ಹಾಕಿ ಕಟ್ಟಿಹಾಕಿ. ಲಾಕ್ ಫೈಲನ್ನು (ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಬರೆದಿಟ್ಟ ಫೈಲ್) ಕಮಿಟ್ ಮಾಡಿ, ಸಿಐನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬಳಸಿ. ಅದು ಲಾಕ್ ಫೈಲಿನಲ್ಲಿ ಇದ್ದಷ್ಟನ್ನೇ ಹಾಕುತ್ತದೆ. ಬೇರೆಯವರ ಆಕ್ಷನ್‌ಗಳನ್ನು (ಸಿಐಗೆ ಬರೆದಿಟ್ಟ ಸಿದ್ಧ ಹೆಜ್ಜೆಗಳು) ಬದಲಿಸಬಹುದಾದ ಟ್ಯಾಗ್ ಹೆಸರಿನಿಂದ ಕರೆಯಬೇಡಿ, ಪೂರ್ತಿ ಕಮಿಟ್ ಹ್ಯಾಶ್‌ನಿಂದ, ಅಂದರೆ ಆ ಕಮಿಟಿಗಷ್ಟೇ ಇರುವ ಗುರುತಿನ ಸಂಖ್ಯೆಯಿಂದ, ಕರೆಯಿರಿ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್ ಬಳಗದ ಆಕ್ಷನ್ ಒಂದರ ಟ್ಯಾಗ್‌ಗಳನ್ನೇ ಕಳ್ಳರು ಕೆಟ್ಟ ಕೋಡಿನ ಕಡೆ ತಿರುಗಿಸಿದರು. ಬಿಲ್ಡ್ ಲಾಗ್‌ಗಳಲ್ಲಿ ಜನರ ಗುಟ್ಟಿನ ಕೀಲಿಗಳು ಬಯಲಾದವು. ಸರಿಯಾದ ಹ್ಯಾಶ್ ಕಟ್ಟಿಟ್ಟಿದ್ದವರಿಗೆ ಏನೂ ಆಗಲಿಲ್ಲ.

ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲರೂ ಒಂದೇ ಐಪಿ ಹಿಂದೆ ಇದ್ದರೆ ಕಂಟೇನರ್‌ಗಳನ್ನು ಇಳಿಸಿಕೊಳ್ಳುವ ತಾಣವಾದ ಡಾಕರ್ ಹಬ್‌ನ ಮಿತಿ ನೆನಪಿಡಿ. 2020ರ ನವೆಂಬರ್‌ನಲ್ಲಿ ಬಂದ ನಿಯಮದಂತೆ ಲಾಗಿನ್ ಆಗದೆ ಎಳೆದರೆ ಆರು ಗಂಟೆಗೆ 100 ಸಲ. ಮಧ್ಯಾಹ್ನದ ಕ್ಲಾಸಿನಲ್ಲಿ ಮಾತ್ರ ಒಡೆಯುವ ಬಿಲ್ಡ್‌ಗೆ ಇದು ಕಾರಣ ಇರಬಹುದು.

ಹಳೆಯ ಕಮಿಟ್ ಪಾಸಾಗಿ ಹೊಸದು ಮಾತ್ರ ಒಡೆದರೆ ಗಿಟ್ ಬೈಸೆಕ್ಟ್ ಹಿಡಿಯಿರಿ, ಅದು ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ಹುಡುಕುತ್ತದೆ. ಸಾವಿರ ಕಮಿಟ್ ಇದ್ದರೂ ಸುಮಾರು ಹತ್ತು ಓಟದಲ್ಲಿ ತಪ್ಪಿನ ಕಮಿಟ್ ಸಿಗುತ್ತದೆ. ಚಂಚಲ ಟೆಸ್ಟ್ ಆದರೆ ಪ್ರತಿ ನಿಲ್ದಾಣದಲ್ಲಿ ಹತ್ತಾರು ಸಲ ಓಡಿಸಿ, ಒಂದು ಸಲ ಬಿದ್ದರೂ ಕೆಟ್ಟದ್ದು ಅಂತ ಹೇಳಿ. ಕ್ಯಾಶ್ ಮೇಲೆ ಅನುಮಾನ ಬಂದರೆ ಪೂರ್ತಿ ಅಳಿಸಿ ಒಮ್ಮೆ ಓಡಿಸಿ. ಸರಿಹೋದರೆ ಕ್ಯಾಶ್ ಕೀಲಿಯಲ್ಲಿ ಲಾಕ್ ಫೈಲಿನ ಹ್ಯಾಶ್ ಇದೆಯಾ ನೋಡಿ. ಆವೃತ್ತಿ ಸಂಖ್ಯೆ ಖಾಲಿ ಬರುತ್ತಿದ್ದರೆ ಸಿಐ ಬರೀ ಕೊನೆಯ ಒಂದು ಕಮಿಟ್ ಮಾತ್ರ ಎಳೆದಿರುತ್ತದೆ, ಟ್ಯಾಗ್ ಇರುವುದಿಲ್ಲ. ಪೂರ್ತಿ ಇತಿಹಾಸ ಎಳೆಯಲು ಹೇಳಿ.

ಸಿಕ್ಕ ಮೇಲೆ

ನಮ್ಮ ರೆಪೊದಲ್ಲಿ 'ದೋಷದ ದಿನಚರಿ' ಅಂತ ಒಂದು ಫೈಲ್ ಇದೆ, ಕನ್ನಡದಲ್ಲೇ. ಪ್ರತಿ ದೋಷಕ್ಕೂ ನಾಲ್ಕು ವಿಷಯ: ಲಾಗಿನಲ್ಲಿ ಕಂಡ ಸಾಲು ಇದ್ದ ಹಾಗೇ, ಮೊದಲು ನಾವು ಏನು ಅಂದುಕೊಂಡೆವು, ನಿಜವಾದ ಕಾರಣ ಏನು, ಅದನ್ನು ಬೇಕಂತಲೇ ಮತ್ತೆ ತರಿಸುವುದು ಹೇಗೆ. ತಪ್ಪು ಊಹೆಯನ್ನೂ ಬರೆಯುವುದು ನನಗೆ ಮುಖ್ಯ ಅನಿಸುತ್ತದೆ, ಮುಂದೆ ಬರುವವರು ಅದೇ ಊಹೆಯಲ್ಲಿ ಎರಡು ತಿಂಗಳು ಕಳೆಯಬಾರದು. ಯಾರಿಂದ ಒಡೆಯಿತು ಅಂತ ಮಾತ್ರ ಬರೆಯುವುದಿಲ್ಲ. ಮೇಷ್ಟ್ರು ಮೊದಲ ಸಲ ಒಡೆದಾಗ ಮೂರು ದಿನ ಯಾರಿಗೂ ಹೇಳದೆ ಒಬ್ಬರೇ ಒದ್ದಾಡಿದ್ದರು. ಈಗ ಕರೆಯಲ್ಲಿ ಅವರೇ ಮೊದಲು ಸ್ಕ್ರೀನ್ ತೆರೆಯುತ್ತಾರೆ.

ಬೇರೆಯವರ ಸಹಾಯ ಕೇಳುವಾಗ ಪಾಸಾದ ಒಂದು ಲಾಗ್, ಫೇಲಾದ ಒಂದು ಲಾಗ್, ಎರಡರ ಕಮಿಟ್ ಹ್ಯಾಶ್, ಓಡಿದ ಸಮಯ ಕೊಡಿ. ಪೂರ್ತಿ ಲಾಗ್ ಕೊಡಿ, ಸ್ಕ್ರೀನ್‌ಶಾಟ್ ಬೇಡ. ಕೊಡುವ ಮುಂಚೆ ಅದರಲ್ಲಿ ಪಾಸ್‌ವರ್ಡ್, ಟೋಕನ್ ಉಳಿದಿದೆಯಾ ಅಂತ ಒಂದು ಸಲ ಹುಡುಕಿ. ಉಳಿದದ್ದು ಕಂಡರೆ ಅಳಿಸಿದರಷ್ಟೇ ಸಾಲದು, ಆ ಟೋಕನನ್ನು ರದ್ದು ಮಾಡಿ ಹೊಸದು ಮಾಡಿಕೊಳ್ಳಿ.